ಒಂದೇ ಕೆನ್ನೆ, ಎರಡು ನೋವು: ಡೊಂಬಿವಲಿಯ ಒಂದು ಪ್ರಕರಣ

ಶಾಂತಕ್ಕನಿಗೆ 61 ವರ್ಷ. ಊರು ಕುಂದಾಪುರದ ಹತ್ತಿರ, ಸಂಸಾರ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಯಜಮಾನರದ್ದು ಸ್ಟೇಷನ್ ಹತ್ತಿರ ಒಂದು ಸಣ್ಣ ಕ್ಯಾಂಟೀನು. ಶುಗರ್ ಇದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ನಡೆಯುತ್ತಿದೆ. ನನ್ನ ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಅವರ ಬಲಗಡೆ ಕೆಳದವಡೆಯಲ್ಲಿ ಒಂದು ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಅದರ ಹಿಂದಿನ ಹಲ್ಲನ್ನು ಕೀಳಿಸಿಯೂ ಆಗಿತ್ತು. ನೋವು ಮಾತ್ರ ಇದ್ದಲ್ಲೇ ಇತ್ತು.

"ನರ ಊದಿದೆ ಅಂದ್ರು ಡಾಕ್ಟ್ರೇ. ಊತ ಇಳಿಯುವ ಮಾತ್ರೆ ಕೊಟ್ರು. ತಿಂದೆ. ಎಂತ ಇಳಿಯಲಿಲ್ಲ" ಅಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅರ್ಧ ಖಾಲಿಯಾದ ನೋವಿನ ಮಾತ್ರೆಯ ಪಟ್ಟಿಗಳೇ ಜಾಸ್ತಿ. ಮಧ್ಯೆ ಒಂದೆರಡು ಆಂಟಿಬಯೋಟಿಕ್, ಬಿ12, ಒಂದು ಸ್ಟೆರಾಯ್ಡ್.

ನಾನು ಹಲ್ಲಿನ ಡಾಕ್ಟರು, ನರದ ಡಾಕ್ಟರಲ್ಲ. ಆದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅನ್ನುವ ಈ ಮುಖದ ನರದ ನೋವಿನ ಕಾಯಿಲೆ ಮೊದಲು ಬರುವುದು ನಮ್ಮ ಕುರ್ಚಿಗೇ. ಮುಖದ ನೋವಿನಲ್ಲಿ ಉರಿಯೂತದ ಪಾತ್ರ ಎಲ್ಲಿ ಎಷ್ಟು ಅನ್ನುವ ಪ್ರಶ್ನೆಗೆ ಶಾಂತಕ್ಕನ ಒಂದು ಕೆನ್ನೆಯೇ ಉತ್ತರ ಕೊಟ್ಟಿತು. ಅದಕ್ಕೇ ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಅವರದ್ದಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಶುರುವಾದದ್ದು ಹೇಗೆ

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಬಲಗಡೆ ಕೆಳಗಿನ ಒಸಡಿಗೆ ತಾಗಿದ್ದೇ ತಡ, ತುಟಿಯ ಮೂಲೆಯಿಂದ ಕಿವಿಯ ಮುಂದಿನವರೆಗೆ ಕರೆಂಟ್ ಹೊಡೆದ ಹಾಗಾಯಿತು. ಕೆಲವೇ ಸೆಕೆಂಡು. ಆಮೇಲೆ ಏನೂ ಇಲ್ಲ. ಬ್ರಷ್ಷು ಕೈಯಲ್ಲಿ ಹಿಡಿದು ಕನ್ನಡಿ ನೋಡುತ್ತಾ ನಿಂತುಬಿಟ್ಟರಂತೆ. ಮಾರನೇ ದಿನ ಇಲ್ಲ, ಅದರ ಮಾರನೇ ದಿನ ಮತ್ತೆ ಬಂತು. ಆಮೇಲೆ ಮುಖ ತೊಳೆಯುವಾಗ, ಮೊದಲ ತುತ್ತು ಬಾಯಿಗಿಡುವಾಗ, ಫೋನಿನಲ್ಲಿ ಮಾತಾಡುವಾಗ. ಶುಕ್ರವಾರದ ಭಜನೆಗೆ ಹೋಗುವುದನ್ನು ಬಿಟ್ಟರು. ಬಾಯಿ ಅಗಲಿಸಿ ಹಾಡಿದರೆ ಬರುತ್ತಿತ್ತು.

ಮಾಟುಂಗಾದಲ್ಲಿ ಅವರ ತಂಗಿ ಮನೆ. ಲೋಕಲ್ ಟ್ರೇನಿನಲ್ಲಿ ವಿಂಡೋ ಸೀಟಿಗೆ ಜನ ಜಗಳ ಆಡುತ್ತಾರೆ, ಅಲ್ವಾ? ಶಾಂತಕ್ಕ ಲೇಡೀಸ್ ಡಬ್ಬಿಯಲ್ಲಿ ಸಿಕ್ಕ ವಿಂಡೋ ಸೀಟನ್ನು ಪಕ್ಕದವರಿಗೆ ಬಿಟ್ಟುಕೊಟ್ಟು, ಬಲಕೆನ್ನೆಗೆ ಸೆರಗು ಮುಚ್ಚಿಕೊಂಡು ಕೂರುತ್ತಿದ್ದರು. ಗಾಳಿ ಬಡಿದರೆ ಸಾಕು, ಬರುತ್ತಿತ್ತು. ಸೆರಗಿನ ಅಂಚು ಕೆನ್ನೆಗೆ ಸವರಿದರೂ ಬರುತ್ತಿತ್ತು. ಅದಕ್ಕೇ ಸೆರಗನ್ನು ಕೆನ್ನೆಯಿಂದ ಎರಡು ಬೆರಳು ದೂರ ಹಿಡಿದು ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಮೊದಲು ಹೋದದ್ದು ಮನೆ ಹತ್ತಿರದ ಒಂದು ಡೆಂಟಲ್ ಕ್ಲಿನಿಕ್ಕಿಗೆ. ಶಾಂತಕ್ಕನಿಗೆ ಮರಾಠಿ ಬರುತ್ತದೆ, ಆದರೆ ತರಕಾರಿ ತರುವಷ್ಟು. ನೋವು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಬಿಡಿಸಿ ಹೇಳುವಷ್ಟು ಅಲ್ಲ. ಹಲ್ಲು ನೋವು ಅಂದರು. ಎಕ್ಸ್‌ರೇಯಲ್ಲಿ ಹಳೆಯ ಆಳದ ಫಿಲ್ಲಿಂಗ್ ಕಂಡಿತು. ರೂಟ್ ಕೆನಾಲ್ ಆಯಿತು.

ಆ ಡಾಕ್ಟರನ್ನು ದೂರುವ ಹಾಗಿಲ್ಲ. ಇಲ್ಲೊಂದು ಮೋಸ ಇದೆ. ಕೆಳದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಹಲ್ಲಿನ ನೋವೂ ನಿಲ್ಲುತ್ತದೆ, ನರದ ನೋವೂ ನಿಲ್ಲುತ್ತದೆ. ಕೆನ್ನೆಯಿಂದ, ಒಸಡಿನಿಂದ ಹೋಗುವ ಸುದ್ದಿಯೇ ಬಂದ್ ಆದರೆ ಕರೆಂಟ್ ಹೊಡೆಯುವುದಕ್ಕೆ ಕಿಡಿ ಎಲ್ಲಿಂದ? ಇಂಜೆಕ್ಷನ್ ಕೊಟ್ಟ ತಕ್ಷಣ ಆರಾಮಾಯಿತು ಅಂದರೆ ಡಾಕ್ಟರಿಗೂ ಖಾತ್ರಿ, ರೋಗಿಗೂ ಖಾತ್ರಿ: ಹಲ್ಲಿನದ್ದೇ. ಮರಗಟ್ಟಿದ್ದು ಬಿಟ್ಟ ಮೇಲೆ ನೋವು ವಾಪಸ್. ಆಗ ಪಕ್ಕದ ಹಲ್ಲಿನ ಮೇಲೆ ಸಂಶಯ. ಹೀಗೆ ಸಾಲಾಗಿ ಮೂರು ನಾಲ್ಕು ಹಲ್ಲು ಕೀಳಿಸಿಕೊಂಡವರೂ ಇದ್ದಾರೆ.

ಎರಡನೇ ನೋವು

ಹಲ್ಲು ಕೀಳಿಸಿದ ಮೂರನೇ ದಿನ ಶಾಂತಕ್ಕನಿಗೆ ಹೊಸ ನೋವು ಶುರುವಾಯಿತು. ಕುಳಿಯಲ್ಲಿ ಕಟ್ಟಿದ್ದ ರಕ್ತದ ಗಡ್ಡೆ ಕಳಚಿ, ಎಲುಬು ತೆರೆದುಕೊಂಡಿತ್ತು. ನಾವು ಡ್ರೈ ಸಾಕೆಟ್ ಅನ್ನುತ್ತೇವೆ. ಕೆಳಗಿನ ದವಡೆ ಹಲ್ಲು ಕಿತ್ತಾಗ ಇದು ಆಗಾಗ ಆಗುತ್ತದೆ. ಎಲುಬಿನ ಗೋಡೆಗೆ ಉರಿಯೂತ, ಬಾಯಿಯಲ್ಲಿ ವಾಸನೆ, ಕಿವಿಯವರೆಗೆ ಸೆಳೆಯುವ ನೋವು. ಅದೇ ಕ್ಲಿನಿಕ್ಕಿನಲ್ಲಿ ಕುಳಿ ತೊಳೆದು, ಲವಂಗದೆಣ್ಣೆಯ ಪಟ್ಟಿ ತುಂಬಿದರು. ಅದು ಸರಿಯಾದ ಚಿಕಿತ್ಸೆಯೇ. ಕೆಲವು ದಿನದಲ್ಲಿ ಆ ನೋವು ಹೋಯಿತು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಆ ವಾರ. ಯಾಕೆಂದರೆ ಆಗ ಒಂದೇ ಕೆನ್ನೆಯಲ್ಲಿ, ಒಂದೇ ನರದ ದಾರಿಯಲ್ಲಿ, ಎರಡು ನೋವು ಒಟ್ಟೊಟ್ಟಿಗೆ ಇದ್ದವು. ಶಾಂತಕ್ಕ ಎರಡನ್ನೂ ಬಿಡಿಸಿ ಹೇಳಿದರು.

"ಕುಳಿಯ ನೋವು ಇಡೀ ದಿನ ಇತ್ತು. ಗುಯ್ ಅಂತ. ರಾತ್ರಿ ಮಲಗಿದ್ರೆ ಇನ್ನೂ ಜಾಸ್ತಿ. ಕೈಯಲ್ಲಿ ಒತ್ತಿ ಹಿಡ್ದ್ರೆ ಸ್ವಲ್ಪ ಹಿತ. ಮಾತ್ರೆ ತಿಂದು ಅರ್ಧ ಗಂಟೆಗೆ ಕಮ್ಮಿ ಆಗ್ತಿತ್ತು. ಆದ್ರೆ ಆ ಕರೆಂಟಿಂದು ಉಂಟಲ್ಲ, ಅದಕ್ಕೆ ಮಾತ್ರೆಯ ಹಂಗೇ ಇಲ್ಲ. ಮಾತ್ರೆ ತಿಂದು ಕುಳಿ ನೋವು ಹೋದ ಹೊತ್ತಲ್ಲೂ ಅದು ಬಂದು ಹೊಡ್ದು ಹೋಗ್ತಿತ್ತು."

ಇದಕ್ಕಿಂತ ಚೆನ್ನಾಗಿ ಪುಸ್ತಕವೂ ಹೇಳುವುದಿಲ್ಲ. ಡ್ರೈ ಸಾಕೆಟ್ ಅಪ್ಪಟ ಉರಿಯೂತದ ನೋವು. ಗಾಯವಾದ ಜಾಗದಲ್ಲಿ ಪ್ರೋಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಅಂಥ ರಾಸಾಯನಿಕಗಳು ಸುರಿಯುತ್ತವೆ. ಅಲ್ಲಿನ ನೋವಿನ ನರತುದಿಗಳು ಸಣ್ಣದಕ್ಕೂ ಕೂಗಾಡುವಷ್ಟು ಸೂಕ್ಷ್ಮವಾಗುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಈ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಲ್ಲ ಅದೇ ದಾರಿ. ಕುಳಿಯ ನೋವು ಮಾತ್ರೆಗೆ ಬಗ್ಗಿತು ಅಂದರೆ ಮಾತ್ರೆ ಕೆಲಸ ಮಾಡುತ್ತಿತ್ತು. ಅದೇ ಹೊತ್ತಿಗೆ ಕರೆಂಟ್ ನೋವು ಬಗ್ಗಲಿಲ್ಲ ಅಂದರೆ ಅದರ ಮೂಲದಲ್ಲಿ ಈ ಮಾತ್ರೆ ಹಿಡಿಯುವ ಜಾತಿಯ ಉರಿಯೂತ ಇಲ್ಲ.

ಸ್ಟೆರಾಯ್ಡ್ ಬಂದದ್ದು ಇದರ ನಂತರ. ಒಬ್ಬ ಫ್ಯಾಮಿಲಿ ಡಾಕ್ಟರು ನರಕ್ಕೆ ಉರಿಯೂತ ಇರಬೇಕು ಎಂದು ಒಂದು ಸಣ್ಣ ಕೋರ್ಸ್ ಕೊಟ್ಟರು. ಅವರ ಯೋಚನೆಗೂ ಒಂದು ಬುಡ ಇದೆ. ಮುಖದ ಇನ್ನೊಂದು ನರ, ಅಂದರೆ ಸ್ನಾಯುಗಳನ್ನು ಆಡಿಸುವ ಏಳನೇ ನರ, ಕಿವಿಯ ಹಿಂದಿನ ಎಲುಬಿನ ಇಕ್ಕಟ್ಟಾದ ಕಾಲುವೆಯಲ್ಲಿ ಊದಿಕೊಂಡರೆ ಮುಖ ಸೊಟ್ಟಗಾಗುತ್ತದೆ. ಬೆಲ್ಸ್ ಪಾಲ್ಸಿ. ಅಲ್ಲಿ ಸ್ಟೆರಾಯ್ಡ್ ನಿಜಕ್ಕೂ ಉಪಕಾರಿ. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರು ಮಾಡಿದವರಲ್ಲಿ ಮೂರು ತಿಂಗಳಿಗೆ 83% ಜನ ಪೂರ್ತಿ ಸುಧಾರಿಸಿದ್ದರು. ಅದನ್ನು ಕೊಡದವರಲ್ಲಿ ಸುಮಾರು 64%. ಆದರೆ ಶಾಂತಕ್ಕನ ನೋವು ಏಳನೇ ನರದ್ದಲ್ಲ, ಐದನೆಯದ್ದು. ಮುಖದ ಸ್ಪರ್ಶ, ನೋವು, ಬಿಸಿ, ತಂಪು ಎಲ್ಲವನ್ನೂ ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರ. ಹಣೆಗೆ ಒಂದು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು ಎಂದು ಅದಕ್ಕೆ ಮೂರು ಕವಲು. ಒಂದರ ಔಷಧಿ ಇನ್ನೊಂದಕ್ಕೆ ಆಗಬೇಕೆಂದಿಲ್ಲ.

ಸ್ಟೆರಾಯ್ಡ್ ತೆಗೆದುಕೊಂಡ ವಾರ ನೋವು ಕಡಿಮೆಯಾಯಿತು. ಆಮೇಲೂ ಸುಮಾರು ದಿನ ಬರಲಿಲ್ಲ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಶುಗರ್ ಮಾತ್ರ 300 ದಾಟಿತು. ನೋವು ಹಿಂದಕ್ಕೆ ಬಂದಾಗ ಮೊದಲಿಗಿಂತ ಜೋರಾಗಿ ಬಂತು. ಈ ಕಾಯಿಲೆಯ ಸ್ವಭಾವವೇ ಹಾಗೆ. ಔಷಧಿ ಇಲ್ಲದೆಯೂ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಆ ಹೊತ್ತಿಗೆ ಯಾವುದನ್ನು ತೆಗೆದುಕೊಳ್ಳುತ್ತಿದ್ದೆವೋ ಅದಕ್ಕೆ ಪುಣ್ಯ ಹೋಗುತ್ತದೆ: ಸ್ಟೆರಾಯ್ಡ್, ಕಷಾಯ, ಹರಕೆ ಎಲ್ಲದಕ್ಕೂ. ಶಾಂತಕ್ಕನ ತಂಗಿ ಇವತ್ತಿಗೂ ಹರಕೆಯ ಪಕ್ಷ.

ಕುರ್ಚಿಯಲ್ಲಿ ಕಂಡದ್ದು

"ಎಲ್ಲಿ ನೋವು ತೋರಿಸಿ" ಅಂದೆ. ತೋರುಬೆರಳು ಕೆನ್ನೆಯ ಹತ್ತಿರ ಬಂತು, ಒಂದು ಅಂಗುಲ ದೂರದಲ್ಲೇ ನಿಂತಿತು. ಗಾಳಿಯಲ್ಲೇ ತುಟಿಯ ಮೂಲೆಯಿಂದ ಕಿವಿಯವರೆಗೆ ಗೆರೆ ಎಳೆದರು. ಮುಟ್ಟಲಿಲ್ಲ. ಹಲ್ಲಿನ ನೋವಿನವರು ಅಂಗೈಯಿಂದ ಕೆನ್ನೆ ಒತ್ತಿ ಹಿಡಿದೇ ಒಳಗೆ ಬರುತ್ತಾರೆ. ನನ್ನ ಮಟ್ಟಿಗೆ ಅರ್ಧ ರೋಗನಿರ್ಣಯ ಅಲ್ಲೇ ಆಯಿತು.

ಮುಖದ ಬಲಭಾಗದಲ್ಲಿ ಇನ್ನೊಂದು ವಿಷಯ ಕಂಡಿತು. ಬಾಯಿಯ ಬಲಗಡೆ ಹಲ್ಲುಗಳ ಮೇಲೆ ಕಿಟ್ಟ ಕಟ್ಟಿತ್ತು, ಎಡಗಡೆ ಶುಭ್ರ. ತಿಂಗಳುಗಳಿಂದ ಬಲಗಡೆ ಬ್ರಷ್ ಆಗಿಲ್ಲ, ಅಗಿದಿಲ್ಲ. ಹೀಗಾಗಿ ಒಸಡಿಗೆ ಸಣ್ಣ ಊತ ಬಂದಿತ್ತು. ಇದು ನೋವಿನಿಂದ ಆದ ಉರಿಯೂತ, ನೋವಿಗೆ ಕಾರಣವಾದದ್ದಲ್ಲ. ಅವಸರದಲ್ಲಿ ನೋಡಿದರೆ ತಿರುವುಮುರುವು ಆಗುವ ಸಾಧ್ಯತೆ ಇದೆ.

ಉಳಿದ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದೆ, ತಂಪು ತಾಗಿಸಿ ನೋಡಿದೆ. ಎಲ್ಲ ಸರಿ. ಕಿತ್ತ ಕುಳಿ ಮಾಗಿತ್ತು. ಹತ್ತಿಯ ಎಳೆಯಿಂದ ಎರಡೂ ಕೆನ್ನೆ ಮುಟ್ಟಿದಾಗ ಸ್ಪರ್ಶ ಎರಡೂ ಕಡೆ ಒಂದೇ ಸಮ ಅಂದರು. ತುಟಿಯ ಮೂಲೆಗೆ ಬಂದಾಗ ಮಾತ್ರ ಮಾತು ಅರ್ಧಕ್ಕೆ ನಿಂತಿತು. ಬಲಗಣ್ಣು ಮುಚ್ಚಿ ಕೆನ್ನೆ ಹಿಂಡಿಹೋಯಿತು, ಕುರ್ಚಿಯ ಕೈ ಹಿಡಿದ ಬೆರಳುಗಳು ಬೆಳ್ಳಗಾದವು. ಹತ್ತು ಸೆಕೆಂಡು ಇರಬಹುದು. ಆಮೇಲೆ ಅದೇ ಜಾಗವನ್ನು ಮತ್ತೆ ಮುಟ್ಟಿದರೆ ಏನೂ ಆಗಲಿಲ್ಲ. ಒಮ್ಮೆ ಹೊಡೆದ ಮೇಲೆ ಸ್ವಲ್ಪ ಹೊತ್ತು ನರ ದಣಿದು ಸುಮ್ಮನಿರುವುದು ಈ ಕಾಯಿಲೆಯ ಗುರುತುಗಳಲ್ಲಿ ಒಂದು. ಗಾಯದ ನೋವಾಗಿದ್ದರೆ ಎರಡನೇ ಸಲ ಮುಟ್ಟಿದಾಗ ಇನ್ನೂ ಜೋರಾಗಬೇಕಿತ್ತು.

ಉರಿಯೂತ ಅಡಗಿರಬಹುದಾದ ಜಾಗಗಳು

ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಬರೆಯುವ ಮೊದಲು ನಿಜವಾದ ಉರಿಯೂತದಿಂದ ಮುಖದಲ್ಲಿ ನೋವು ತರುವ ಕಾಯಿಲೆಗಳನ್ನು ಬದಿಗೆ ಸರಿಸಬೇಕು. ಇಲ್ಲಿ ಸ್ಟೆರಾಯ್ಡ್, ಆಂಟಿವೈರಲ್ ಎಲ್ಲ ಜೀವದಾನ ಮಾಡುತ್ತವೆ. ತಪ್ಪಿಸಿಕೊಂಡರೆ ಕಣ್ಣೇ ಹೋಗಬಹುದು.

ಮೊದಲನೆಯದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಸಿಡುಬಿನ ತಂಗಿ, ನಾವು ಸೀತಾಳೆ ಸಿಡುಬು ಅನ್ನುತ್ತೇವಲ್ಲ, ಅದರ ವೈರಸ್ ಟ್ರೈಜೆಮಿನಲ್ ನರದ ಗಂಟಿನಲ್ಲಿ, ಅಂದರೆ ನರಕೋಶಗಳು ಗುಂಪಾಗಿರುವ ಜಾಗದಲ್ಲಿ, ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಾದಾಗ, ಶುಗರ್ ಜಾಸ್ತಿಯಾದಾಗ ಎದ್ದು ಬರಬಹುದು. ಆಗ ಆ ನರದ ಗಂಟಿಗೆ ನಿಜವಾಗಿ ಉರಿಯೂತ. ಗುಳ್ಳೆ ಏಳುವ ಕೆಲವು ದಿನ ಮೊದಲೇ ಉರಿ, ಚುಚ್ಚು ಶುರುವಾಗುವುದರಿಂದ ಹಲ್ಲುನೋವು ಎಂದೇ ಜನ ಬರುತ್ತಾರೆ. ಮುಖದಲ್ಲಿ ಅದು ಹೆಚ್ಚಾಗಿ ಹಿಡಿಯುವುದು ಹಣೆ ಮತ್ತು ಕಣ್ಣಿನ ಕವಲನ್ನು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ ಎಂದು ತಿಳಿದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ಗುಳ್ಳೆ ಎದ್ದು 72 ಗಂಟೆಯೊಳಗೆ ಆಂಟಿವೈರಲ್ ಶುರುವಾದರೆ ಒಳ್ಳೆಯದು. ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಉರಿ ಉಳಿದರೆ ಅದು ಬೇರೆಯೇ ಕಾಯಿಲೆ: ಉರಿಯೂತ ಹೋಗಿ, ಅದು ನರಕ್ಕೆ ಮಾಡಿಟ್ಟ ಹಾನಿ ಮಾತ್ರ ಉಳಿದಿರುತ್ತದೆ. ಶಾಂತಕ್ಕನಿಗೆ ಗುಳ್ಳೆ ಬಂದಿರಲಿಲ್ಲ, ಕಲೆಯೂ ಇರಲಿಲ್ಲ.

ಎರಡನೆಯದು ಕಣತಲೆಯ ರಕ್ತನಾಳದ ಉರಿಯೂತ, ಜೈಂಟ್ ಸೆಲ್ ಆರ್ಟರೈಟಿಸ್. ನಮ್ಮ ದೇಶದಲ್ಲಿ ಅಪರೂಪ, ಆದರೆ 50 ದಾಟಿದವರಲ್ಲಿ ಕೇಳಲೇಬೇಕು. ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಕೂದಲು ಬಾಚಿದರೆ ನೆತ್ತಿ ನೋಯುತ್ತದೆ. ಉರಿಯೂತವನ್ನು ತೋರಿಸುವ ಇಎಸ್‌ಆರ್ ರಕ್ತಪರೀಕ್ಷೆಯ ಅಂಕೆ ಏರಿರುತ್ತದೆ. ಇದರಲ್ಲಿ ಸ್ಟೆರಾಯ್ಡನ್ನು ತಡಮಾಡದೆ, ದೊಡ್ಡ ಪ್ರಮಾಣದಲ್ಲಿ ಕೊಡಬೇಕು. ಶಾಂತಕ್ಕನಿಗೆ ಮೊದಲ ತುತ್ತಿಗೇ ಹೊಡೆಯುತ್ತಿತ್ತು, ಅಗಿದು ಅಗಿದು ದಣಿದ ಮೇಲೆ ಅಲ್ಲ. ಇಎಸ್‌ಆರ್, ಅಂಥದ್ದೇ ಇನ್ನೊಂದು ಪರೀಕ್ಷೆ ಸಿಆರ್‌ಪಿ, ಎರಡೂ ಸರಿ ಇದ್ದವು.

ಸೈನಸ್, ಸೀಳಿದ ಹಲ್ಲು, ಕಿವಿ: ಇವು ಬೇಗ ತೀರ್ಮಾನವಾದವು. ಕೆನ್ನೆಯಲ್ಲಿ ಜೋಮು ಇದ್ದಿದ್ದರೆ ಶೋಗ್ರೆನ್, ಲೂಪಸ್ ಅಂಥ ಕಾಯಿಲೆಗಳನ್ನೂ ಹುಡುಕಬೇಕಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಈ ನರವನ್ನು ಕೆಡಿಸುವುದುಂಟು. ಜೋಮು ಇರಲಿಲ್ಲ.

ಎಡಗಡೆ ಒಂದು ತಮಾಷೆ ಸಿಕ್ಕಿತು. ಕಿವಿಯ ಮುಂದೆ, ದವಡೆಯ ಕೀಲಿನ ಹತ್ತಿರ ಒತ್ತಿದರೆ ನೋಯುತ್ತಿತ್ತು. ಅಷ್ಟು ಕಾಲ ಒಂದೇ ಕಡೆ ಅಗಿದು ಆ ಕೀಲು, ಸ್ನಾಯು ಸೋತಿದ್ದವು. ಆ ನೋವಿಗೆ ಬಿಸಿ ಶಾಖ, ಮೆದು ಊಟ, ನಾಲ್ಕು ದಿನ ಪ್ಯಾರಾಸಿಟಮಾಲ್. ಅದು ಮಾತ್ರ ಹೇಳಿದ ಮಾತು ಕೇಳಿತು.

ಎಂಆರ್‌ಐ

ಮುಲುಂಡ್‌ನ ನ್ಯೂರಾಲಜಿಸ್ಟ್ ಒಬ್ಬರಿಗೆ ಚೀಟಿ ಬರೆದೆ. ಅವರು ಎಂಆರ್‌ಐ ಹೇಳಿದರು. ಮೆದುಳಿನ ಮಾಮೂಲಿ ಸ್ಕ್ಯಾನ್ ಇದಕ್ಕೆ ಸಾಲದು. ನರವನ್ನೂ ರಕ್ತನಾಳವನ್ನೂ ಬೇರೆ ಬೇರೆಯಾಗಿ ತೋರಿಸುವ ತೆಳು ಪದರಗಳ ಸ್ಕ್ಯಾನ್ ಬೇಕು ಎಂದು ಚೀಟಿಯಲ್ಲೇ ಬರೆದಿದ್ದರು.

ಟ್ಯೂಮರ್ ಗಡ್ಡೆ ಇರಲಿಲ್ಲ. ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಕಾಯಿಲೆಯ ಕಲೆಗಳೂ ಇರಲಿಲ್ಲ. ಸುಪೀರಿಯರ್ ಸೆರೆಬೆಲ್ಲರ್ ಆರ್ಟರಿ ಎಂಬ ರಕ್ತನಾಳ ಬಳುಕಿ ಬಂದು, ಬಲ ಟ್ರೈಜೆಮಿನಲ್ ನರ ಮೆದುಳಿನ ಕಾಂಡಕ್ಕೆ ಸೇರುವ ಜಾಗದಲ್ಲಿ ಅದನ್ನು ಒತ್ತಿ ಸರಿಸಿತ್ತು. ಈ ಕಾಯಿಲೆಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವ ರಕ್ತನಾಳವೇ ಅದು. ಇಷ್ಟರಿಂದಲೇ ತೀರ್ಮಾನ ಮಾಡುವ ಹಾಗಿಲ್ಲ. ನೋವೇ ಇಲ್ಲದವರಲ್ಲೂ ರಕ್ತನಾಳ ನರಕ್ಕೆ ತಾಗಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಆದರೆ ಇಲ್ಲಿ ತಾಗಿದ್ದು ಮಾತ್ರ ಅಲ್ಲ, ನರ ತನ್ನ ಜಾಗ ಬಿಟ್ಟು ಸರಿದಿತ್ತು, ಸ್ವಲ್ಪ ಸಣಕಲಾಗಿಯೂ ಇತ್ತು. ಅಂಥದ್ದು ಕಂಡರೆ 2018ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಅದು ಕ್ಲಾಸಿಕಲ್ ಟ್ರೈಜೆಮಿನಲ್ ನ್ಯೂರಾಲ್ಜಿಯಾ.

ಕರೆಂಟ್ ಯಾಕೆ ಹೊಡೆಯುತ್ತದೆ ಎಂದು ಶಾಂತಕ್ಕನ ಯಜಮಾನರು ಕೇಳಿದರು. ಅವರ ಕ್ಯಾಂಟೀನಿನ ಮಿಕ್ಸರಿನ ವಯರನ್ನೇ ತೋರಿಸಿ ಹೇಳಿದೆ. ಒಟ್ಟಿಗೆ ಹೋಗುವ ಎರಡು ವಯರಿನ ಮೇಲಿನ ಪ್ಲಾಸ್ಟಿಕ್ ಸವೆದರೆ ಒಂದರ ಕರೆಂಟು ಇನ್ನೊಂದಕ್ಕೆ ಹಾರುತ್ತದೆ. ನರದ ಎಳೆಗಳ ಮೇಲೂ ಮೈಲಿನ್ ಅನ್ನುವ ಹೊದಿಕೆ ಇದೆ. ರಕ್ತನಾಳ ಪ್ರತಿ ಬಡಿತಕ್ಕೂ ಅದೇ ಜಾಗಕ್ಕೆ ಗುದ್ದಿ ಗುದ್ದಿ ಹೊದಿಕೆ ಸವೆಯುತ್ತದೆ. ಸ್ಪರ್ಶ ಒಯ್ಯುವ ಎಳೆಯ ಸುದ್ದಿ ಪಕ್ಕದ ನೋವಿನ ಎಳೆಗೆ ಹಾರುತ್ತದೆ. ಬ್ರಷ್ಷಿನ ಸ್ಪರ್ಶ ಮೆದುಳಿಗೆ ಮುಟ್ಟುವಾಗ ಚಾಕು ಹಾಕಿದಂತಾಗುವುದು ಹೀಗೆ. "ಹಾಗಾದ್ರೆ ಹಲ್ಲು ಸುಮ್ನೆ ಕಿತ್ತದ್ದು" ಅಂದರು ಅವರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಹಾಗಾದರೆ ಉರಿಯೂತಕ್ಕೆ ಪಾತ್ರವೇ ಇಲ್ಲವೇ

ಇದೆ ಎಂದೇ ನನ್ನ ಓದು ಹೇಳುತ್ತದೆ. ಆದರೆ ಅದು ಮೆಡಿಕಲ್ ಶಾಪಿನ ಮಾತ್ರೆಗೆ ಸಿಗುವ ಉರಿಯೂತ ಅಲ್ಲ.

ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿವೆ. ಕಣ್ಣಿನ ಕೆಳಗಿನಿಂದ ಮೀಸೆಯ ಕಡೆಗೆ ಹೋಗುವ ನರಕ್ಕೆ ಸಡಿಲವಾಗಿ ದಾರ ಕಟ್ಟುತ್ತಾರೆ. ಕೆಲವು ದಿನದಲ್ಲಿ ಇಲಿ ಮೀಸೆಯ ಜಾಗವನ್ನು ಎಳೆಯಷ್ಟು ಮುಟ್ಟಿದರೂ ತಲೆ ಹಿಂದೆ ಎಳೆಯುತ್ತದೆ. ಅಂಥ ಇಲಿಯ ನರದ ಗಂಟಿನಲ್ಲಿ ನರಕೋಶಗಳನ್ನು ಸುತ್ತುವರಿದ ಸ್ಯಾಟಲೈಟ್ ಕೋಶಗಳು ಕೆರಳಿರುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಅಂಥ ಉರಿಯೂತದ ಸಂದೇಶವಾಹಕಗಳು ಏರಿರುತ್ತವೆ. ಮೆದುಳಿನ ಕಾಂಡದಲ್ಲಿ ಈ ನರ ಸುದ್ದಿ ಮುಟ್ಟಿಸುವ ಜಾಗದಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳೂ ಎದ್ದು ಕೂರುತ್ತವೆ. ಇವೆಲ್ಲ ಸೇರಿ ನರಕೋಶ ಕಿಡಿ ಹಾರಿಸುವ ಮಿತಿಯನ್ನು ಕೆಳಗಿಳಿಸುತ್ತವೆ. ಊತ ಇಲ್ಲ, ಕೆಂಪಿಲ್ಲ, ಇಎಸ್‌ಆರ್‌ನಲ್ಲಿ ಕಾಣುವುದಿಲ್ಲ.

ಮನುಷ್ಯರಲ್ಲಿ ಇದರ ತೂಕ ಎಷ್ಟು? ಇಲ್ಲಿ ನಾನು ಎರಡು ಸಾಕ್ಷಿಗಳನ್ನು ಎದುರುಬದುರು ಇಡುತ್ತೇನೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರಲ್ಲಿ ಸುಮಾರು 2ರಿಂದ 5% ಜನರಿಗೆ ಇದೇ ಕರೆಂಟ್ ನೋವು ಬರುತ್ತದೆ. ಅಲ್ಲಿ ಮೈಲಿನ್ ಕೆಡಿಸುವುದು ರಕ್ತನಾಳದ ಒತ್ತಡ ಮಾತ್ರ ಅಲ್ಲ, ಉರಿಯೂತವೇ. ಅಂದರೆ ಉರಿಯೂತ ಈ ಕಾಯಿಲೆಯನ್ನು ಹುಟ್ಟಿಸಬಲ್ಲದು. ಇನ್ನೊಂದು ಕಡೆ, ರಕ್ತನಾಳವನ್ನು ನರದಿಂದ ಬಿಡಿಸುವ ಆಪರೇಷನ್ ಆದವರಲ್ಲಿ ಎಷ್ಟೋ ಜನ ಎಚ್ಚರವಾಗುವಾಗಲೇ ನೋವಿಲ್ಲದೆ ಏಳುತ್ತಾರೆ. ಉರಿಯೂತವೇ ನೋವನ್ನು ನಡೆಸುತ್ತಿದ್ದರೆ ಅದು ಆರಲು ದಿನಗಳು, ವಾರಗಳು ಬೇಕಿತ್ತು. ಹಾಗಾಗಿ ಶಾಂತಕ್ಕನಂಥವರಲ್ಲಿ ಯಜಮಾನಿಕೆ ಒತ್ತಡ ಮತ್ತು ಸವೆದ ಮೈಲಿನ್‌ನದ್ದು, ಉರಿಯೂತದ ಕೋಶಗಳು ಬೆಂಕಿಗೆ ತುಪ್ಪ ಸುರಿಯುವ ಕೆಲಸದಲ್ಲಿವೆ ಎಂದು ನಾನು ತಿಳಿದಿದ್ದೇನೆ. ಒಂದು ಕಡೆ ನೋವಿನ ಮಾತ್ರೆ ಸೋತದ್ದಕ್ಕೂ ಇನ್ನೊಂದು ಕಡೆ ಮುಂದೆ ಹೇಳುವ ಮಾತ್ರೆ ಗೆದ್ದದ್ದಕ್ಕೂ ಇದು ಹೊಂದುತ್ತದೆ.

ಕಾರ್ಬಮಜೆಪಿನ್, ಮತ್ತು ಸೋಡಿಯಂ

ಫಿಟ್ಸ್‌ಗೆಂದು ಬಂದ ಕಾರ್ಬಮಜೆಪಿನ್ ಈ ನೋವಿಗೂ ಆಗುತ್ತದೆ ಎಂದು ಸ್ವೀಡನ್ನಿನ ಸಿಗ್‌ಫ್ರಿಡ್ ಬ್ಲೂಮ್ 1962ರಲ್ಲಿ ಬರೆದರು. ಇವತ್ತಿಗೂ ಮೊದಲ ಮಾತ್ರೆ ಅದೇ. ಅದು ನೋವನ್ನು ಮರೆಸುವುದಲ್ಲ, ಊತ ಇಳಿಸುವುದೂ ಅಲ್ಲ. ನರದ ಸೋಡಿಯಂ ಬಾಗಿಲುಗಳನ್ನು ತಡೆದು, ಒಂದರ ಹಿಂದೆ ಒಂದು ಕಿಡಿ ಹಾರುವುದನ್ನು ನಿಲ್ಲಿಸುತ್ತದೆ.

ನ್ಯೂರಾಲಜಿಸ್ಟ್ ಶುರು ಮಾಡುವ ಮೊದಲು ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಗುರುತಿನ ರಕ್ತಪರೀಕ್ಷೆ ಮಾಡಿಸಿದರು. ಏಷ್ಯಾದ ಕೆಲವು ಜನರಲ್ಲಿ ಈ ಗುರುತಿದ್ದರೆ ಕಾರ್ಬಮಜೆಪಿನ್‌ನಿಂದ ಚರ್ಮ ಸುಟ್ಟಂತೆ ಸುಲಿಯುವ, ಜೀವಕ್ಕೇ ಎರವಾಗುವ ಅಲರ್ಜಿ ಬರಬಹುದು. ಅಮೆರಿಕದ ಔಷಧ ಇಲಾಖೆ 2007ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಶಾಂತಕ್ಕನಿಗೆ ಅದು ಇರಲಿಲ್ಲ. ಆದರೂ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ ಅಂದಿದ್ದೆವು.

100 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಮೂರನೇ ದಿನ ಫೋನ್ ಬಂತು. ಫೋನಿನಲ್ಲಿ ಮಾತಾಡಲು ಹೆದರುತ್ತಿದ್ದ ಹೆಂಗಸು ಪತ್ರೊಡೆ ತಿಂದ ಸುದ್ದಿಯನ್ನು ಸಾವಕಾಶವಾಗಿ ಹೇಳಿದರು. ನಿಧಾನಕ್ಕೆ ಪ್ರಮಾಣ ದಿನಕ್ಕೆ 600ಕ್ಕೆ ಏರಿತು. ಹೊಡೆತಗಳು ಹತ್ತಿರ ಹತ್ತಿರ ನಿಂತೇ ಹೋದವು.

ಆಮೇಲೆ ಬೇರೆ ತಕರಾರು. ಮಂಕು, ತಲೆನೋವು, ನಡೆಯುವಾಗ ಓಲಾಟ. ಸ್ಟೇಷನ್ನಿನ ಬ್ರಿಜ್ ಇಳಿಯುವಾಗ ಕಂಬಿ ಬಿಟ್ಟರೆ ಬಿದ್ದೇನು ಅನ್ನಿಸುತ್ತಿತ್ತಂತೆ. ಮಾತ್ರೆಯ ಅಮಲು, ಅಭ್ಯಾಸವಾಗುತ್ತದೆ ಎಂದು ಮನೆಯವರು ತಿಳಿದಿದ್ದರು. ರಕ್ತದಲ್ಲಿ ಸೋಡಿಯಂ 126. ಇರಬೇಕಾದದ್ದು 135ರಿಂದ 145. ಕಾರ್ಬಮಜೆಪಿನ್ ಸೋಡಿಯಂ ಇಳಿಸುತ್ತದೆ ಎಂಬುದು ಗೊತ್ತಿದ್ದದ್ದೇ, ಅದಕ್ಕೇ ಪರೀಕ್ಷೆ ಹೇಳಿದ್ದು. ಆದರೆ ಇಷ್ಟು?

ಉತ್ತರ ಆ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಅವರ ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಒಂದು ಎಚ್. ಅಂದರೆ ಅದರೊಳಗೆ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಹೆಚ್ಚಿಸುವ ಔಷಧಿ, ಸೇರಿದೆ. ಅದೂ ಸೋಡಿಯಂ ಇಳಿಸುತ್ತದೆ. ಎರಡೂ ಕೈಜೋಡಿಸಿದ್ದವು. ಇದಕ್ಕೆ ಆಕ್ಸ್‌ಕಾರ್ಬಜೆಪಿನ್‌ಗೆ ಬದಲಾಯಿಸುವುದು ಪರಿಹಾರವಲ್ಲ, ಅದು ಸೋಡಿಯಂ ಇಳಿಸುವುದರಲ್ಲಿ ಇನ್ನೂ ಒಂದು ಕೈ ಮೇಲು. ಫಿಜಿಷಿಯನ್ ಬಿಪಿ ಮಾತ್ರೆಯನ್ನು ಥಯಾಜೈಡ್ ಇಲ್ಲದ್ದಕ್ಕೆ ಬದಲಾಯಿಸಿದರು. ನ್ಯೂರಾಲಜಿಸ್ಟ್ ಕಾರ್ಬಮಜೆಪಿನ್ ಅನ್ನು 400ಕ್ಕೆ ಇಳಿಸಿ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೊಟ್ಟರು. ಸೋಡಿಯಂ 134ಕ್ಕೆ ಬಂತು. ಓಲಾಟ ಹೋಯಿತು. ದಿನಕ್ಕೆ ಒಂದೋ ಎರಡೋ ಸಣ್ಣ ಹೊಡೆತ ಉಳಿಯಿತು, ಹೆಚ್ಚಾಗಿ ಬೆಳಿಗ್ಗೆ ಮುಖ ತೊಳೆಯುವಾಗ. ಉಗುರುಬೆಚ್ಚನೆ ನೀರು ಬಳಸಿದರೆ ಅದೂ ಕಡಿಮೆ.

ಇಲ್ಲಿ ಹಲ್ಲಿನ ಡಾಕ್ಟರ ಕೆಲಸವೂ ಇತ್ತು. ನೋವು ಹತೋಟಿಯಲ್ಲಿರುವಾಗಲೇ ಬಲಗಡೆ ಕಿಟ್ಟ ತೆಗೆದು ಒಸಡು ಸರಿಮಾಡಿದೆ. ಮರಗಟ್ಟಿಸಿ, ಬೆಳಗಿನ ಮಾತ್ರೆ ತಿಂದು ಎರಡು ಗಂಟೆ ಆದ ಮೇಲೆ. ಒಸಡಿನ ಊತ ಇಳಿಯಿತು. ಕರೆಂಟ್ ಹೊಡೆತಕ್ಕೆ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ಈಗ ನಿಂತಿರುವ ಜಾಗ

ಆಪರೇಷನ್ ಮಾತು ಬಂದಿದೆ. 1934ರಲ್ಲಿ ವಾಲ್ಟರ್ ಡ್ಯಾಂಡಿ ಈ ನರದ ಮೇಲೆ ರಕ್ತನಾಳ ಒರಗಿರುವುದನ್ನು ಗುರುತಿಸಿ ಬರೆದರು. ಪೀಟರ್ ಜಾನೆಟ್ಟಾ 1960ರ ದಶಕದಲ್ಲಿ ಮೈಕ್ರೋಸ್ಕೋಪ್ ಬಳಸಿ ಅದನ್ನು ಬಿಡಿಸುವ ದಾರಿ ತೋರಿಸಿದರು. ಕಿವಿಯ ಹಿಂದೆ ಸಣ್ಣ ಕಿಂಡಿ ತೆರೆದು, ರಕ್ತನಾಳಕ್ಕೂ ನರಕ್ಕೂ ಮಧ್ಯೆ ಟೆಫ್ಲಾನ್ ತುಣುಕು ಇಡುತ್ತಾರೆ. 1996ರಲ್ಲಿ ಪ್ರಕಟವಾದ ಜಾನೆಟ್ಟಾ ತಂಡದ ವರದಿಯಲ್ಲಿ 10 ವರ್ಷದ ನಂತರ 70% ಜನ ಮಾತ್ರೆ ಇಲ್ಲದೆ, ನೋವಿಲ್ಲದೆ ಇದ್ದರು. ಮೂಲ ಕಾರಣವನ್ನೇ ಮುಟ್ಟುವ ಚಿಕಿತ್ಸೆ ಇದೊಂದೇ. ಆದರೆ ತಲೆ ತೆರೆಯುವ ಆಪರೇಷನ್. ಆ ಕಡೆ ಕಿವಿ ಮಂದವಾಗುವ ಅಪಾಯ, ಅಪರೂಪಕ್ಕೆ ಪಾರ್ಶ್ವವಾಯು, ಸಾವು ಕೂಡ ಇದೆ. ಸೂಜಿಯಿಂದ ನರದ ಗಂಟನ್ನು ಬಿಸಿ ಮಾಡುವುದು, ಬಲೂನಿನಿಂದ ಒತ್ತುವುದು, ಗಾಮಾ ನೈಫ್ ವಿಕಿರಣ ಕೂಡ ಇವೆ. ಅವು ನರಕ್ಕೇ ಸ್ವಲ್ಪ ಗಾಯ ಮಾಡಿ ನೋವು ತಗ್ಗಿಸುವುದರಿಂದ ಕೆನ್ನೆ ಜೋಮು ಹಿಡಿಯಬಹುದು.

ಶಾಂತಕ್ಕ ಈಗ ಬೇಡ ಅಂದಿದ್ದಾರೆ. "ಇಷ್ಟು ಹತೋಟಿಲಿ ಇದ್ರೆ ಸಾಕು ಮಾರಾಯ್ರೆ, ತಲೆ ಕೊರೆಸಿಕೊಳ್ಳುದು ಎಂತಕ್ಕೆ" ಎಂಬುದು ಅವರ ವಾದ. ಮಗ ಒಪ್ಪುವುದಿಲ್ಲ. ವಯಸ್ಸು ಹೆಚ್ಚಾಗುವ ಮೊದಲು ಮಾಡಿಸಿ ಮುಗಿಸೋಣ ಅನ್ನುತ್ತಾನೆ. ನನಗೆ ಮಗನ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ನರ ಸಣಕಲಾಗಿರುವುದು ಸ್ಕ್ಯಾನ್‌ನಲ್ಲೇ ಕಂಡಿದೆ, ಮಾತ್ರೆ ಏರಿಸಲು ಜಾಗ ಕಡಿಮೆ ಇದೆ. ನ್ಯೂರಾಲಜಿಸ್ಟ್ ಒಂದು ಗೆರೆ ಹಾಕಿಕೊಟ್ಟಿದ್ದಾರೆ: ಮಾತ್ರೆ 800 ಮುಟ್ಟುವಂತಾದರೆ, ಅಥವಾ ಸೋಡಿಯಂ 130ರ ಕೆಳಗೆ ಹೋದರೆ, ಪರೇಲ್‌ಗೆ ಹೋಗಿ ನ್ಯೂರೋಸರ್ಜನ್ ಅವರನ್ನು ಕಾಣುವುದು. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಸೋಡಿಯಂ, ಲಿವರ್, ರಕ್ತಕಣಗಳ ಎಣಿಕೆ. ಹೊಸ ಮಾತ್ರೆ ಯಾರು ಬರೆದುಕೊಟ್ಟರೂ ಮೊದಲು ನ್ಯೂರಾಲಜಿಸ್ಟ್‌ಗೆ ತೋರಿಸುವುದು, ಯಾಕೆಂದರೆ ಕಾರ್ಬಮಜೆಪಿನ್ ಬೇರೆ ಎಷ್ಟೋ ಔಷಧಿಗಳ ಶಕ್ತಿಯನ್ನು ಕುಗ್ಗಿಸುತ್ತದೆ.

ಹೋದ ವಾರ ಎಡಗಡೆ ಮೇಲಿನ ಹಲ್ಲೊಂದರಲ್ಲಿ ಹುಳುಕು ಎಂದು ಬಂದಿದ್ದರು. ತಂಪು ತಾಗಿಸಿದಾಗ ಚುರ್ ಎಂದು, ಸ್ವಲ್ಪ ಹೊತ್ತಿಗೆ ಆರಿತು. ಅಂಗೈಯಿಂದ ಕೆನ್ನೆ ಒತ್ತಿ ಹಿಡಿದಿದ್ದರು. "ಇದು ಹಲ್ಲಿಂದೇ, ನಂಗೆ ಗೊತ್ತು" ಅಂದರು. ಹಲ್ಲಿನದ್ದೇ ಆಗಿತ್ತು. ಫಿಲ್ಲಿಂಗ್ ಮಾಡಿ ಕಳಿಸಿದೆ.